ಒಂದು ಪೆನ್ನಿಗೆ ಎಷ್ಟು?

ನಾನು ಮೊದಲ ಪೆನ್ನು ಮಾರಿದ್ದು ನನ್ನದೇ ಕಚೇರಿಯ ಸಹೋದ್ಯೋಗಿಗೆ. ಹಲಸಿನ ಮರದ್ದು. ಅರಿಸಿನದ ಬಣ್ಣ, ಬಿಳಿ ಅಂಗಿಯ ಜೇಬಿನಲ್ಲಿ ಎದ್ದು ಕಾಣುವಂಥದ್ದು. ಊಟದ ಹೊತ್ತಿನಲ್ಲಿ ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡುತ್ತಿದ್ದವರು, ‘ಸಾರ್, ಇದು ನನಗಿರಲಿ. ಎಷ್ಟು ಕೊಡ್ಲಿ?’ ಅಂದರು. ‘ಅಯ್ಯೋ, ಒಳಗಿನ ಲೋಹದ ಕಿಟ್ಟಿನ ದುಡ್ಡು ಕೊಡಿ ಸಾಕು’ ಅಂದೆ. 250 ರೂಪಾಯಿ ಕೈಗೆ ಬಂತು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಮಾಡಿದ್ದನ್ನು ಒಬ್ಬರು ದುಡ್ಡು ಕೊಟ್ಟು ಕೊಂಡರಲ್ಲ!

ಸುದ್ದಿ ಹಬ್ಬಿತು. ಪಕ್ಕದ ವಿಭಾಗದವರು ಬಂದರು, ಅವರ ಭಾವಮೈದುನ ಬಂದ, ಭಾವಮೈದುನನ ಮಗಳ ಟೀಚರ್ ಬಂದರು. ಎಲ್ಲರಿಗೂ ಅದೇ ಬೆಲೆ. ವರ್ಷದ ಕೊನೆಗೆ ನೋಟ್‌ಬುಕ್ ತೆಗೆದು ಕೂತೆ. ಮಾರಿದ್ದು 43 ಪೆನ್ನು, ಬಂದದ್ದು 10,750 ರೂಪಾಯಿ. ಆ 43 ಕಿಟ್ಟುಗಳಿಗೆ ಕೊಟ್ಟಿದ್ದೂ ಸರಿಯಾಗಿ ಅಷ್ಟೇ. ಕೊರೆಯುವಾಗ ಸೀಳಿಹೋದ ತುಂಡುಗಳು, ಹಾಳಾದ ಐದಾರು ಕಿಟ್ಟು, ಅಂಟು, ಸ್ಯಾಂಡ್‌ಪೇಪರ್, ಲೇತಿನ ಕಂತು ಎಲ್ಲ ಮನೆ ಖರ್ಚಿನಿಂದ ಹೋಗಿತ್ತು. ಹೆಂಡತಿ ಕೇಳಿದ್ದು ಒಂದೇ ಮಾತು: ‘ಅಷ್ಟೊಂದು ಮಾರಿದ್ರಲ್ಲ, ದುಡ್ಡೆಲ್ಲಿ?’

ಈಚೆಗೆ ಹಲವರು ನನ್ನ ಹತ್ತಿರ ಬಂದು, ಸಂಜೆ ಹೊತ್ತು ಮರದ ಪೆನ್ನು ಮಾಡಿ ನಾಲ್ಕು ಕಾಸು ಮಾಡಬಹುದಾ ಎಂದು ಕೇಳುತ್ತಾರೆ. ನಿವೃತ್ತಿಗೆ ಎರಡು ವರ್ಷ ಇರುವವರು, ಸಾಫ್ಟ್‌ವೇರ್ ಕೆಲಸದಲ್ಲಿ ಕೈಗೆ ಏನೂ ತಾಗುವುದಿಲ್ಲವೆಂದು ಬೇಸತ್ತ ಹುಡುಗರು, ಮಕ್ಕಳು ಹಾಸ್ಟೆಲ್‌ಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ಗೃಹಿಣಿಯರು. ಮಾಡಬಹುದು. ಆದರೆ ಮಾಡುವುದು ಹೇಗೆ ಎಂದು ಕಲಿಸುವ ವೀಡಿಯೊಗಳು ಸಾವಿರ ಇವೆ, ಎಷ್ಟಕ್ಕೆ ಮಾರಬೇಕು ಎಂದು ಕೂರಿಸಿ ಲೆಕ್ಕ ಹೇಳುವವರು ಕಡಿಮೆ. ಹೆಂಡತಿಯ ಆ ಪ್ರಶ್ನೆಗೆ ನಾನು ಉತ್ತರ ಹುಡುಕಿಕೊಂಡ ಬಗೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ವಸ್ತು ಏನು ಎಂಬುದು ಗೊತ್ತಿರಬೇಕು. ಕೈಯಿಂದ ಮಾಡಿದ ಮರದ ಪೆನ್ನು ಎಂದಾಗ ಇಡೀ ಪೆನ್ನನ್ನೇ ಮರದಿಂದ ಕಡೆದದ್ದು ಎಂದು ಜನ ತಿಳಿಯುತ್ತಾರೆ. ಹವ್ಯಾಸಿಗಳು ಮಾಡುವ ಹೆಚ್ಚಿನ ಪೆನ್ನುಗಳ ಒಳಗೆ ಕಿಟ್ ಇರುತ್ತದೆ. ಒಂದು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಹಿತ್ತಾಳೆ ಕೊಳವೆ, ಲೋಹದ ಮೂತಿ, ತಿರುಗಿಸಿದರೆ ರಿಫಿಲ್ ಹೊರಗೆ ಬರುವ ಭಾಗ, ನಡುವಿಗೆ ಒಂದು ಬಳೆ, ಕ್ಲಿಪ್ಪು, ತಲೆಯ ಮುಚ್ಚಳ, ಒಂದು ರಿಫಿಲ್. ಇವು ಬಹುತೇಕ ತೈವಾನ್, ಚೀನಾಗಳಿಂದ ಬರುತ್ತವೆ. ನಾವು ಮಾಡುವುದು ಆ ಹಿತ್ತಾಳೆ ಕೊಳವೆಗಳ ಮೇಲಿನ ಮರದ ಕವಚ. ಇದನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಇಡೀ ಮೈಯನ್ನು ತಾವೇ ಕಡೆಯುವವರ ಪರಂಪರೆ ಬೇರೆಯೇ ಇದೆ. ರಾಜಮಹೇಂದ್ರಿಯ ರತ್ನಂ ಮನೆತನದವರು ಗಾಂಧೀಜಿಯವರ ಸ್ವದೇಶಿ ಮಾತಿಗೆ ಓಗೊಟ್ಟು 1930ರ ದಶಕದಲ್ಲಿ ಇಂಕ್ ಪೆನ್ನು ಮಾಡತೊಡಗಿದರು. ಎಬೊನೈಟ್ ಸರಳನ್ನು ಲೇತಿಗೆ ಕೊಟ್ಟು, ಮರೆ ತಿರುವುಗಳನ್ನೂ ಕೈಯಲ್ಲೇ ಕೊರೆದು ಮಾಡುವ ಆ ಕೆಲಸದ ಮುಂದೆ ನಮ್ಮ ಕಿಟ್ ಪೆನ್ನು ಮಕ್ಕಳಾಟ. ಆದರೂ ಆಟಕ್ಕೂ ಒಂದು ಕೈ ಬೇಕು.

ಐದು ಇಂಚು ಉದ್ದ, ಮುಕ್ಕಾಲು ಇಂಚು ಚೌಕದ ಮರದ ತುಂಡನ್ನು ಎರಡು ಭಾಗ ಮಾಡಿ, ಉದ್ದಕ್ಕೆ 7 ಮಿಲಿಮೀಟರ್ ತೂತು ಕೊರೆಯಬೇಕು. ಬೈರಿಗೆಯನ್ನು ಆಗಾಗ ಹೊರಗೆ ಎಳೆದು ಹೊಟ್ಟು ತೆಗೆಯದಿದ್ದರೆ ಒಳಗೆ ಕಾದು ಮರ ಬಿರಿಯುತ್ತದೆ. ಕೊಳವೆಯ ಮೈಯನ್ನು ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ ಅಂಟು ಸವರಿ ತೂರಿಸಬೇಕು. ಎರಡೂ ತುದಿಗಳನ್ನು ಕೊಳವೆಗೆ ಸಮನಾಗಿ ಕೆತ್ತಿ, ಸರಳಿಗೆ ಪೋಣಿಸಿ ಲೇತಿಗೆ ಏರಿಸಿದರೆ ಅಸಲು ಕೆಲಸ ಶುರು. ಚೌಕ ಮರಕ್ಕೆ ಉಳಿ ಮೊದಲು ತಾಗಿದಾಗ ಟಕಟಕ ಎಂದು ಕೈಗೆ ಒದೆಯುತ್ತದೆ. ನಾಲ್ಕು ಮೂಲೆಗಳು ಹಾರಿಹೋಗುತ್ತಿದ್ದಂತೆ ಆ ಸದ್ದು ನಿಧಾನಕ್ಕೆ ಒಂದೇ ಸಮನೆಯ ಗುಂಯ್‌ಗುಡುವಿಕೆಗೆ ತಿರುಗುತ್ತದೆ. ಮರ ಗುಂಡಗಾಯಿತು ಎಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಆಮೇಲೆ 150ರಿಂದ ಹಿಡಿದು 600ರವರೆಗೆ ಒಂದೊಂದೇ ನಂಬರಿನ ಸ್ಯಾಂಡ್‌ಪೇಪರ್. ಪ್ರತಿ ನಂಬರು ಮುಗಿದಾಗಲೂ ಲೇತ್ ನಿಲ್ಲಿಸಿ ಮರದ ಎಳೆಯುದ್ದಕ್ಕೆ ಕೈಯಿಂದ ಎರಡು ಸಲ ಉಜ್ಜಬೇಕು. ಇಲ್ಲಿ ಅವಸರ ಮಾಡಿದವರ ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸುತ್ತಲೂ ಉಂಗುರದಂಥ ಗೀರುಗಳು ಕಾಣುತ್ತವೆ.

ಕೊನೆಗೆ ಮೆರುಗು. ಫೆವಿಕ್ವಿಕ್‌ನಂಥ ಅಂಟನ್ನೇ ಪದರ ಪದರವಾಗಿ ಸವರಿ ಗಾಜಿನಂತೆ ಮಾಡುವುದು ಒಂದು ದಾರಿ. ಗಟ್ಟಿ, ಬಾಳಿಕೆ ಬರುತ್ತದೆ, ಆದರೆ ಮುಟ್ಟಿದರೆ ಪ್ಲಾಸ್ಟಿಕ್ಕು ಮುಟ್ಟಿದಂತೆ. ಅರಗಿನ ಪಾಲಿಶ್ ಇನ್ನೊಂದು ದಾರಿ. ಕಣ್ಣಿಗೂ ಕೈಗೂ ಹಿತ. ಆದರೆ ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಕೊರೊನಾ ಕಾಲದಲ್ಲಿ ಗಂಟೆಗೊಮ್ಮೆ ಸ್ಯಾನಿಟೈಸರ್ ಹಚ್ಚಿಕೊಂಡ ಕೈಗಳಲ್ಲಿ ನನ್ನ ಎಷ್ಟೋ ಪೆನ್ನುಗಳು ಅಂಟಂಟಾಗಿ, ಮಂಕಾಗಿ ಹೋದವು. ಅಂದಿನಿಂದ ಕೊಳ್ಳುವವರನ್ನು ಕೇಳಿಯೇ ಮೆರುಗು ಹಾಕುತ್ತೇನೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಪೆನ್ನು ಕೈಕೊಡುವ ಜಾಗ ಒಂದಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೆಂಡತಿಯ ತವರು ತೀರ್ಥಹಳ್ಳಿ ಕಡೆ. ಅಲ್ಲಿಂದ ತಂದ ಹಲಸಿನ ತುಂಡಿನಿಂದ ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಪೆನ್ನು ಮಾಡಿದೆ. ಅದು ಉಡುಗೊರೆಯಾಗಿ ಕಲಬುರಗಿಗೆ ಹೋಯಿತು. ಏಪ್ರಿಲ್‌ನಲ್ಲಿ ಮೊಬೈಲಿಗೆ ಒಂದು ಫೋಟೊ ಬಂತು: ಪೆನ್ನಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಬೀಳಿಸಿದರೇನೋ ಎಂದುಕೊಂಡೆ. ಅವರದೇನೂ ತಪ್ಪಿರಲಿಲ್ಲ, ತಪ್ಪು ನನ್ನದು.

ಕಡಿದ ಮೇಲೂ ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಉಬ್ಬುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲವಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಎಳೆಯ ಉದ್ದಕ್ಕೆ ಈ ಬದಲಾವಣೆ ನಗಣ್ಯ, ಅಡ್ಡಕ್ಕೆ ಮಾತ್ರ ಜಾಸ್ತಿ. ಈಗ ಪೆನ್ನನ್ನು ನೆನೆಯಿರಿ. ಒಳಗೆ ಹಿತ್ತಾಳೆ ಕೊಳವೆ, ಅದಕ್ಕೆ ಅಂಟಿಕೊಂಡು ಸುತ್ತಲೂ ಒಂದೆರಡು ಮಿಲಿಮೀಟರ್ ದಪ್ಪದ ಮರದ ಬಳೆ. ಕಲಬುರಗಿಯ ಒಣಗಾಳಿಗೆ ಮರ ಕುಗ್ಗಲು ನೋಡುತ್ತದೆ, ಹಿತ್ತಾಳೆ ಜಾಗ ಬಿಡುವುದಿಲ್ಲ. ಎಳೆತ ತಾಳಲಾರದೆ ಮರ ಎಳೆಯುದ್ದಕ್ಕೆ ಸೀಳುತ್ತದೆ. ಬಾಗಿಲಾದರೆ ಸಡಿಲವಾಗಿ ಬಚಾವಾಗುತ್ತದೆ, ಪೆನ್ನಿಗೆ ಆ ಅವಕಾಶವಿಲ್ಲ.

ಪರಿಹಾರ ಕಷ್ಟದ್ದಲ್ಲ, ತಾಳ್ಮೆಯದ್ದು. ಮರದ ದಪ್ಪ ಒಂದು ಇಂಚಿಗೆ ಒಂದು ವರ್ಷ ಒಣಗಬೇಕು ಎನ್ನುವುದು ಬಡಗಿಗಳ ಹಳೆಯ ಅಂದಾಜು. ಪೆನ್ನಿನ ಅಳತೆಗೆ ಮೊದಲೇ ಕೊಯ್ದಿಟ್ಟರೆ ಅದಕ್ಕಿಂತ ಬೇಗ ಆಗುತ್ತದೆ. ಎರಡು ತುದಿಗಳಿಗೆ ಮೇಣ ಹಚ್ಚಬೇಕು, ಇಲ್ಲದಿದ್ದರೆ ತುದಿ ಬೇಗ ಒಣಗಿ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ನೆರಳಲ್ಲಿ, ಗಾಳಿ ಆಡುವಲ್ಲಿ ಜೋಡಿಸಬೇಕು. ಆಮೇಲೆ ನಾನು ಮಾಡುವುದು ಇಷ್ಟೇ: ಪ್ರತಿ ತುಂಡಿಗೂ ನಂಬರು ಹಾಕಿ, ಭಾನುವಾರ ಬೆಳಿಗ್ಗೆ ಅಡಿಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟು ತೂಕ ಬರೆಯುತ್ತೇನೆ. ಮೊದಮೊದಲು ವಾರಕ್ಕೆ ಮೂರು ನಾಲ್ಕು ಗ್ರಾಂ ಇಳಿಯುತ್ತದೆ, ಆಮೇಲೆ ಒಂದು ಗ್ರಾಂ, ಆಮೇಲೆ ನಿಲ್ಲುತ್ತದೆ. ಸತತ ನಾಲ್ಕು ಭಾನುವಾರ ಒಂದೇ ತೂಕ ತೋರಿಸಿದ ತುಂಡು ಲೇತಿಗೆ ಅರ್ಹ. ಉಪ್ಪಿಟ್ಟಿಗೆ ರವೆ ತೂಗಬೇಕು ಎಂದು ಹೊರಗಿನಿಂದ ಕೂಗು ಬಂದರೂ ಆ ಅರ್ಧ ಗಂಟೆ ತಕ್ಕಡಿ ನನ್ನದು.

ಯಾವ ಮರ? ಇದರ ಬಗ್ಗೆ ದಿನಗಟ್ಟಲೆ ಮಾತಾಡಬಹುದು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಬೆಲ್ಲದ ಬಣ್ಣ. ಹುಣಸೆ ಗಟ್ಟಿ, ಉಳಿಯ ಬಾಯಿ ಮೊಂಡು ಮಾಡುತ್ತದೆ, ಆದರೆ ಅದರ ಚೇಗಿನ ಕಪ್ಪು ನೋಡಿದರೆ ಸಿಟ್ಟು ಇಳಿಯುತ್ತದೆ. ಮಳೆಗೆ ಬಿದ್ದು ಬೂಸ್ಟು ಹಿಡಿಯತೊಡಗಿದ ಮಾವಿನ ಮರದಲ್ಲಿ ಶಾಯಿಯಿಂದ ಗೀಚಿದಂಥ ಕಪ್ಪು ಗೆರೆಗಳು ಮೂಡಿರುತ್ತವೆ. ಸೌದೆಯವರು ಬೇಡ ಎಂದು ಎಸೆಯುವುದು ಅದನ್ನೇ, ಪೆನ್ನಾಗಿ ಮೊದಲು ಮಾರಾಟವಾಗುವುದೂ ಅದೇ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಅಸಿಟೋನ್ ಹಾಕಿ ಒರೆಸಬೇಕು. ಕೆಡವಿದ ಹಳೆ ಮನೆಗಳ ತೊಲೆ, ಬಾಗಿಲ ಚೌಕಟ್ಟುಗಳು ಚಿನ್ನದಂಥವು. ನೂರು ವರ್ಷ ಒಣಗಿರುತ್ತವೆ, ತೂಕ ಹಾಕುವ ಕೆಲಸವೂ ಇಲ್ಲ. ಒಳಗೆ ಮೊಳೆ ಮುರಿದು ಉಳಿದಿದೆಯೇ ಎಂದು ಮಾತ್ರ ಅಯಸ್ಕಾಂತ ಆಡಿಸಿ ನೋಡಿ.

ಕಾನೂನಿನ ಮಾತು ಇಲ್ಲೇ ಹೇಳಿಬಿಡಬೇಕು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅನುಮತಿ ಬೇಕು, ಸಿಲ್ವರ್ ಓಕ್, ತೆಂಗು, ಅಡಿಕೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಶ್ರೀಗಂಧ, ಬೀಟೆ, ತೇಗ ಇವುಗಳ ತಂಟೆಗೆ ಬಿಲ್ಲಿಲ್ಲದೆ ಹೋಗಬೇಡಿ. ‘ಒಂದು ಗೇಣು ಗಂಧದ ತುಂಡು ತಾನೆ’ ಎಂದು ಯಾರಾದರೂ ಜೇಬಿನಿಂದ ತೆಗೆದುಕೊಟ್ಟರೆ ಕೈಮುಗಿದು ವಾಪಸು ಕೊಡಿ. ಬೀಟೆ ಸೇರಿರುವ ಡಾಲ್ಬರ್ಜಿಯ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿವೆ. 10 ಕಿಲೋದೊಳಗಿನ ಸಿದ್ಧವಸ್ತುಗಳಿಗೆ 2019ರಲ್ಲಿ ಸಡಿಲಿಕೆ ಸಿಕ್ಕಿತು. ಹಾಗೆಂದು ಅಮೆರಿಕದ ತಮ್ಮನಿಗೆ ಬೀಟೆಯ ಪೆನ್ನು ಕಳಿಸುವ ಮುನ್ನ ಆ ದೇಶದ ನಿಯಮವನ್ನೂ ನೋಡಿಕೊಳ್ಳುವುದು ಜಾಣತನ. ವಿದೇಶಿ ವೀಡಿಯೊಗಳಲ್ಲಿ ಜಿಂಕೆಯ ಕೊಂಬಿನಿಂದ ಪೆನ್ನು ಕಡೆಯುವುದನ್ನು ನೀವು ನೋಡಿರುತ್ತೀರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಕೊಂಬಾದರೂ ಅದರ ವ್ಯಾಪಾರ ಅಪರಾಧ. ಹೋಂಸ್ಟೇ ಗೋಡೆಯಿಂದ ಇಳಿಸಿಕೊಟ್ಟರೂ ಬೇಡ.

ಇನ್ನು ಲೆಕ್ಕ. ನಿಮ್ಮ ಊರಿನ ದರ ಬೇರೆ ಇರಬಹುದು, ರೀತಿ ಮಾತ್ರ ಇದೇ. ಕಿಟ್ಟಿಗೆ 250 ಹಿಡಿಯೋಣ. ಮರಕ್ಕೆ 30. ಪುಕ್ಕಟೆ ಸಿಕ್ಕಿದ್ದರೂ 30 ಬರೆಯಿರಿ, ಮುಂದಿನದು ಪುಕ್ಕಟೆ ಸಿಗುತ್ತದೆ ಎಂದೇನೂ ಇಲ್ಲ. ಅಂಟು, ಸ್ಯಾಂಡ್‌ಪೇಪರ್, ಮೆರುಗು, ಕರೆಂಟು ಸೇರಿ 40. ಡಬ್ಬಿ, ಬಟ್ಟೆಚೀಲ 60. ಲೇತ್, ಡ್ರಿಲ್ಲು, ಉಳಿಗಳು ಎಲ್ಲ ಸೇರಿ 45,000 ರೂಪಾಯಿ ಹಾಕಿದ್ದೀರಿ ಎಂದುಕೊಳ್ಳಿ. 500 ಪೆನ್ನು ಮಾಡುವಷ್ಟರಲ್ಲಿ ಆ ದುಡ್ಡು ವಾಪಸು ಬರಬೇಕೆಂದರೆ ಪೆನ್ನೊಂದಕ್ಕೆ 90. ಹತ್ತರಲ್ಲಿ ಒಂದು ಹಾಳಾಗುತ್ತದೆ, ಅದಕ್ಕೆ 30. ಅಲ್ಲಿಗೆ 500 ಆಯಿತು. ಇನ್ನೂ ನಿಮ್ಮ ಕೈಗೆ ಒಂದು ಪೈಸೆ ಬಂದಿಲ್ಲ.

ಈಗ ಹೊತ್ತಿನ ಲೆಕ್ಕ. ‘ಒಂದು ಪೆನ್ನಿಗೆ ಮುಕ್ಕಾಲು ಗಂಟೆ ಸಾರ್’ ಎನ್ನುವವರು ಲೇತಿನ ಮುಂದೆ ನಿಂತ ಹೊತ್ತನ್ನಷ್ಟೇ ಎಣಿಸುತ್ತಾರೆ. ಮರ ಕೊಯ್ದದ್ದು, ಫೋಟೊ ತೆಗೆದದ್ದು, ‘ಇನ್ನೊಂದು ಬಣ್ಣದಲ್ಲಿ ಇದೆಯಾ’ ಎಂಬ ಹನ್ನೊಂದು ವಾಟ್ಸ್‌ಆ್ಯಪ್ ಮೆಸೇಜಿಗೆ ಉತ್ತರಿಸಿದ್ದು, ಪ್ಯಾಕ್ ಮಾಡಿ ಅಂಚೆ ಕಚೇರಿಯ ಸಾಲಿನಲ್ಲಿ ನಿಂತದ್ದು ಎಲ್ಲ ಸೇರಿದರೆ ಎರಡು ಗಂಟೆಗೆ ಕಡಿಮೆಯಿಲ್ಲ. ಗಂಟೆಗೆ 150ರಂತೆ ಹಾಕಿದರೆ ದಿನಕ್ಕೆ 1,200 ಆಗುತ್ತದೆ. ನಮ್ಮ ಬೀದಿಯ ಬಡಗಿಯನ್ನು ಅದಕ್ಕಿಂತ ಕಡಿಮೆಗೆ ಕರೆದರೆ ಅವರು ನಗುತ್ತಾರೆ. ಎರಡು ಗಂಟೆಗೆ 300. ಅಲ್ಲಿಗೆ ಪೆನ್ನಿನ ಬೆಲೆ 800. ನಾನು ಮಾರುತ್ತಿದ್ದದ್ದು 250ಕ್ಕೆ! ಪ್ರತಿ ಪೆನ್ನಿನ ಜೊತೆ ಇನ್ನೂರೈವತ್ತು ರೂಪಾಯಿ ಸ್ವಂತ ದುಡ್ಡನ್ನೂ ಎರಡು ಗಂಟೆಯನ್ನೂ ಕಟ್ಟಿಕೊಡುತ್ತಿದ್ದೆ.

ಅಂಗಡಿಯ ಮೂಲಕ ಮಾರುವುದಾದರೆ ಇನ್ನೊಂದು ಗುಂಡಿ ಇದೆ. ಅಂಗಡಿಯವರು ತಮ್ಮ ಪಾಲು ಶೇಕಡ 35 ಎಂದರು ಎನ್ನಿ. ನಾವು 800ರ ಮೇಲೆ ಶೇಕಡ 35 ಸೇರಿಸಿ 1,080 ಎಂದು ಚೀಟಿ ಅಂಟಿಸುತ್ತೇವೆ. ಆದರೆ ಅವರು 35 ಹಿಡಿಯುವುದು ನಮ್ಮ 800ರ ಮೇಲಲ್ಲ, ಗಿರಾಕಿ ಕೊಟ್ಟ 1,080ರ ಮೇಲೆ. ಅದು 378 ಆಯಿತು, ನಮಗೆ ಉಳಿದದ್ದು 702. ನಮ್ಮ 800 ನಮಗೆ ಬರಬೇಕಾದರೆ ಅದನ್ನು 0.65ರಿಂದ ಭಾಗಿಸಬೇಕು. ಚೀಟಿಯ ಬೆಲೆ ಸುಮಾರು 1,230 ಆಗುತ್ತದೆ. ಸಾವಿರದ ಇನ್ನೂರರ ಪೆನ್ನು ಎಂದಾಗ ಬಾಯಿ ಒಣಗುತ್ತದೆ, ನಿಜ. ಆ ಬೆಲೆಗೆ ಹೋಗದ ಅಂಗಡಿಯಲ್ಲಿ ಇಡಬೇಡಿ, ಅಷ್ಟೇ.

ಸಂತೆ, ಮೇಳಗಳ ಮಳಿಗೆಗೂ ಇದೇ ಲೆಕ್ಕ. ದಿನಕ್ಕೆ 3,000 ಬಾಡಿಗೆ ಇದ್ದರೆ ಮೊದಲ ಹತ್ತು ಪೆನ್ನಿನ ಕೂಲಿಯೆಲ್ಲ ಮಳಿಗೆಗೇ ಹೋಯಿತು. ಹನ್ನೊಂದನೆಯದರಿಂದ ನಿಮ್ಮದು. ಮಧ್ಯೆ ‘ಪೆನ್ನಿಗೆ ಎಂಟುನೂರಾ? ಅಂಗಡೀಲಿ ಹತ್ತು ರೂಪಾಯಿಗೆ ಸಿಗುತ್ತಲ್ರೀ!’ ಎನ್ನುವವರು ಬಂದೇ ಬರುತ್ತಾರೆ. ಅವರು ಹೇಳುವುದು ಸರಿಯೇ. ಬರೆಯುವುದಕ್ಕೆ ಹತ್ತು ರೂಪಾಯಿಯ ಪೆನ್ನು ಸಾಕು. ಅವರ ಜೊತೆ ವಾದಕ್ಕೆ ಇಳಿಯುವ ಬದಲು ನೀರು ಕುಡಿಯುವುದು ಮೇಲು.

ಬೆಲೆಯನ್ನು 800ಕ್ಕೆ ಏರಿಸಲು ನನಗೆ ಧೈರ್ಯ ಕೊಟ್ಟದ್ದು ಈ ಲೆಕ್ಕವಲ್ಲ. ಚನ್ನಪಟ್ಟಣದ ಒಂದು ಭೇಟಿ. ಅಲ್ಲಿನ ಅರಗಿನ ಕೆಲಸ ನೋಡಬೇಕೆಂದು ಹೋಗಿದ್ದೆ. ಆಲೆಮರದ ತುಂಡು ಲೇತಿನಲ್ಲಿ ಸುತ್ತುತ್ತಿರುತ್ತದೆ, ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಂದು ಗರಿಯ ತುಂಡನ್ನು ಮಡಿಚಿ ಹಿಡಿದರೆ ಆ ಒರಟು ಪಟ್ಟೆ ಒಂದು ಉಸಿರಿನಲ್ಲಿ ನುಣುಪಾಗಿ ಕನ್ನಡಿಯಾಗುತ್ತದೆ. ನನಗೆ ಆರು ನಂಬರಿನ ಸ್ಯಾಂಡ್‌ಪೇಪರ್ ಬೇಕಾಗುವ ಕೆಲಸ. ಅಲ್ಲಿ ಲೇತಿನ ಮುಂದಿದ್ದ ಒಬ್ಬ ಹಿರಿಯರಿಗೆ ನನ್ನ ಪೆನ್ನು ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು, ಜೋಡಣೆಯ ಬಳೆಯ ಹತ್ತಿರ ಉಗುರು ಆಡಿಸಿದರು. ಅಲ್ಲಿ ಮರ ಲೋಹಕ್ಕಿಂತ ಒಂದು ಕೂದಲಷ್ಟು ಎತ್ತರವಿತ್ತು, ಅದು ಅವರ ಉಗುರಿಗೆ ಸಿಕ್ಕಿತು. ಏನೂ ಹೇಳಲಿಲ್ಲ. ‘ಎಷ್ಟಕ್ಕೆ ಕೊಡ್ತೀರಿ ಸ್ವಾಮಿ?’ ಎಂದರು. ಆಗ ನಾನು 250 ಬಿಟ್ಟು 400ಕ್ಕೆ ಮಾರುತ್ತಿದ್ದೆ. ‘ನಾನೂರು’ ಅಂದೆ, ಹೆಚ್ಚಾಯಿತೇನೋ ಎಂಬ ಧ್ವನಿಯಲ್ಲಿ. ‘ನಿಮಗೆ ಸಂಬಳ ಬರುತ್ತೆ. ನಾವು ಈ ರೇಟಿಗೆ ಕೊಟ್ರೆ ಮನೆ ನಡೆಯಲ್ಲ’ ಎಂದು ಪೆನ್ನನ್ನು ವಾಪಸು ಕೊಟ್ಟರು.

ಆ ಮಾತು ಬಸ್ಸಿನಲ್ಲಿ ಬೆಂಗಳೂರಿನವರೆಗೂ ಜೊತೆಗೆ ಬಂತು. ಸಂಬಳ ಇರುವವನು ಸಂಜೆಯ ಖುಷಿಗೆ ಮಾಡಿ ಅಸಲಿಗಿಂತ ಕಡಿಮೆಗೆ ಕೊಟ್ಟರೆ, ಕೊಂಡವರ ಮನಸ್ಸಿನಲ್ಲಿ ‘ಕೈಯಿಂದ ಮಾಡಿದ ಮರದ ಪೆನ್ನು ಅಂದರೆ ನಾನೂರು’ ಎಂಬ ದರ ಕೂತುಬಿಡುತ್ತದೆ. ಮುಂದೆ ಅದೇ ಗಿರಾಕಿ ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವನ ಮುಂದೆ ನಿಂತು, ‘ಅಲ್ಲಿ ನಾನೂರಕ್ಕೆ ಕೊಟ್ಟರು’ ಎನ್ನುತ್ತಾನೆ. ನನ್ನ ಔದಾರ್ಯದ ಬಿಲ್ಲು ಇನ್ನೊಬ್ಬರ ಮನೆಗೆ ಹೋಗುತ್ತದೆ. ಹವ್ಯಾಸಿಗಳು ‘ನನಗೇನು ಲಾಭ ಬೇಕಿಲ್ಲ’ ಎಂದು ಹೇಳುವುದನ್ನು ದೊಡ್ಡ ಗುಣವೆಂದು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಲಾಭ ಬೇಡದವರು ಪೆನ್ನನ್ನು ಸುಮ್ಮನೆ ಉಡುಗೊರೆ ಕೊಡಲಿ, ಸಂತೋಷ. ಮಾರುವುದಾದರೆ ಪೂರ್ತಿ ಬೆಲೆಗೆ ಮಾರಲಿ. ಉಡುಗೊರೆಯಿಂದ ಯಾರ ದರವೂ ಇಳಿಯುವುದಿಲ್ಲ, ಅರ್ಧ ಬೆಲೆಯ ಮಾರಾಟದಿಂದ ಇಳಿಯುತ್ತದೆ.

ಹೆಸರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಚನ್ನಪಟ್ಟಣದ ಆಟಿಕೆಗಳಿಗೆ 2005-06ರಲ್ಲೇ ಭೌಗೋಳಿಕ ಗುರುತಿನ (ಜಿ.ಐ.) ಟ್ಯಾಗ್ ಸಿಕ್ಕಿದೆ. ಜಯನಗರದ ಬಾಲ್ಕನಿಯಲ್ಲಿ ಅರಗು ಹಚ್ಚಿ ‘ಚನ್ನಪಟ್ಟಣ ಪೆನ್’ ಎಂದು ಮಾರುವುದು ಸುಳ್ಳು, ಕಾನೂನಿನ ತೊಡಕೂ ಹೌದು. ಸರ್ಕಾರದ ನೆರವಿನ ವಿಷಯದಲ್ಲೂ ಅಷ್ಟೇ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 15,000 ರೂಪಾಯಿಯ ಸಲಕರಣೆ ನೆರವು, ಶೇಕಡ 5ರ ಬಡ್ಡಿಯ ಸಾಲ ಅದರಲ್ಲಿ ಇವೆ. ಅದು ಕುಲಕಸುಬನ್ನೇ ನೆಚ್ಚಿಕೊಂಡ 18 ಬಗೆಯ ಕೆಲಸಗಾರರಿಗೆ. ಸಂಬಳದ ಹವ್ಯಾಸಿಗಳು ಆ ಸಾಲಿನಲ್ಲಿ ನಿಲ್ಲಬಾರದು.

800 ರೂಪಾಯಿಗೆ ಯಾರು ಕೊಳ್ಳುತ್ತಾರೆ ಎಂಬುದು ಮುಂದಿನ ಪ್ರಶ್ನೆ. ತಿಂಗಳಿಗೆ 20 ಪೆನ್ನು ಎಂದರೆ ಕೂಲಿ 6,000. ಮಾಡುವುದು ಕಷ್ಟವಲ್ಲ, ಎರಡು ಭಾನುವಾರ ಮತ್ತು ಕೆಲವು ಸಂಜೆ ಸಾಕು. ಪ್ರತಿ ತಿಂಗಳೂ 20 ಮಾರುವುದು ಕಷ್ಟ. ಮೊದಲ ಆರು ತಿಂಗಳು ನೆಂಟರು, ಗೆಳೆಯರು, ಕಚೇರಿಯವರು ಕೊಳ್ಳುತ್ತಾರೆ. ಪೆನ್ನು ಸಾಬೂನಲ್ಲ, ತೀರಿದ ಮೇಲೆ ಇನ್ನೊಂದು ಎನ್ನುವುದಕ್ಕೆ. ಏಳನೆಯ ತಿಂಗಳಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಫೋಟೊಗೆ ಹೆಬ್ಬೆರಳು ಬೀಳುತ್ತದೆ, ಆರ್ಡರು ಬೀಳುವುದಿಲ್ಲ. ಇಲ್ಲಿಯೇ ಬಹಳಷ್ಟು ಜನ ಬೆಲೆ ಇಳಿಸುತ್ತಾರೆ. ಇಳಿಸಿದರೂ ಮಾರಾಟ ಹೆಚ್ಚುವುದಿಲ್ಲ, ಯಾಕೆಂದರೆ ತೀರಿಹೋದದ್ದು ದುಡ್ಡಲ್ಲ, ಪರಿಚಯಸ್ಥರು.

ನನ್ನ ಅನುಭವದಲ್ಲಿ ಮರದ ಪೆನ್ನನ್ನು ತಮಗೆಂದು ಕೊಳ್ಳುವವರು ಕಡಿಮೆ, ಇನ್ನೊಬ್ಬರಿಗೆ ಕೊಡಲು ಕೊಳ್ಳುವವರೇ ಹೆಚ್ಚು. ನಿವೃತ್ತಿಯ ಬೀಳ್ಕೊಡುಗೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮನೆಯಲ್ಲಿ ಉಳಿಯುವಂಥದ್ದು ಏನಾದರೂ ಬೇಕಲ್ಲ. ಶಿಕ್ಷಕರ ದಿನ, ಪಿಎಚ್.ಡಿ. ಮುಗಿಸಿದ ಮಗಳು, ಗೃಹಪ್ರವೇಶ. ಅದರಲ್ಲೂ ಅವರದೇ ಮರವನ್ನು ತಂದುಕೊಟ್ಟರೆ ಬೆಲೆಯ ಮಾತೇ ಬರುವುದಿಲ್ಲ. ಅಜ್ಜಿಯ ಮನೆ ಕೆಡವಿದಾಗ ಉಳಿದ ಕಂಬದ ಚೂರಿನಿಂದ ನಾಲ್ಕು ಮೊಮ್ಮಕ್ಕಳಿಗೆ ನಾಲ್ಕು ಪೆನ್ನು ಮಾಡಿಸಿಕೊಂಡವರು ಚೌಕಾಶಿ ಮಾಡಲಿಲ್ಲ. ಬದಲಿಗೆ, ‘ಹಾಳು ಮಾಡಬೇಡಿ, ಇನ್ನೊಂದು ಚೂರು ಇಲ್ಲ’ ಎಂದು ಮೂರು ಸಲ ಹೇಳಿದರು. ಆ ತುಂಡನ್ನು ಕೊರೆಯುವಾಗ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ.

ಕೊಟ್ಟ ಮೇಲೆ ಪೆನ್ನು ಬರೆಯಬೇಕು, ಇದನ್ನು ಮಾತ್ರ ಮರೆಯಬೇಡಿ. ಎಲ್ಲರೂ ಮೊದಲು ಕಲಿಯುವುದು ಸ್ಲಿಮ್‌ಲೈನ್ ಎಂಬ ತೆಳು ಕಿಟ್ಟು. ಅದಕ್ಕೆ ಹಿಡಿಸುವುದು ಕ್ರಾಸ್ ಮಾದರಿಯ ಸಣ್ಣ ರಿಫಿಲ್. ತಾಲ್ಲೂಕು ಕೇಂದ್ರದ ಪುಸ್ತಕದಂಗಡಿಯಲ್ಲಿ ಅದನ್ನು ಕೇಳಿ ನೋಡಿ, ನಿಮ್ಮ ಮುಖ ನೋಡುತ್ತಾರೆ. ನನ್ನಿಂದ ಕೊಂಡ ಮೇಷ್ಟ್ರೊಬ್ಬರು ವರ್ಷದ ನಂತರ ಸಿಕ್ಕಾಗ ಜೇಬಿನಲ್ಲಿ ಅದೇ ಪೆನ್ನಿತ್ತು. ಖುಷಿಯಾಯಿತು. ‘ರಿಫಿಲ್ ಎಲ್ಲೂ ಸಿಗಲಿಲ್ಲಪ್ಪ, ಚೆಂದ ಇದೆ ಅಂತ ಸುಮ್ಮನೆ ಇಟ್ಕೊಂಡಿದೀನಿ’ ಎಂದರು. ಅವತ್ತಿಂದ ಪಾರ್ಕರ್ ಮಾದರಿಯ ರಿಫಿಲ್ ಹಿಡಿಸುವ ಕಿಟ್ಟನ್ನೇ ತರಿಸುತ್ತೇನೆ. ಅದು ಎಲ್ಲ ಊರಲ್ಲೂ ಸಿಗುತ್ತದೆ. ಹಾಗೆಯೇ ಚಿನ್ನದ ಬಣ್ಣದ ತೆಳು ಲೇಪದ ಕಿಟ್ಟು ನಮ್ಮ ಬೆವರಿಗೆ ಬೇಗ ಬಣ್ಣ ಬಿಡುತ್ತದೆ, ಕ್ರೋಮ್ ತಡೆಯುತ್ತದೆ.

ತೆರಿಗೆಯ ಬಗ್ಗೆಯೂ ಚಿಕ್ಕದಾಗಿ ಹೇಳುತ್ತೇನೆ. ಹವ್ಯಾಸ ಎಂದ ಮಾತ್ರಕ್ಕೆ ಆದಾಯ ತೆರಿಗೆಯವರು ಬಿಡುವುದಿಲ್ಲ. ಇದು ವ್ಯಾಪಾರದ ಆದಾಯ, ಸಂಬಳದ ಜೊತೆ ತೋರಿಸಬೇಕು. ಸಂಬಳದವರ ಸರಳ ಐಟಿಆರ್-1 ಆಗ ನಡೆಯುವುದಿಲ್ಲ. ಅಂದಾಜು ಲಾಭದ ಪದ್ಧತಿ ಆರಿಸಿಕೊಂಡರೆ ಐಟಿಆರ್-4 ಸಾಕಾಗುತ್ತದೆ. ಸರಕು ಮಾರುವವರಿಗೆ ಕರ್ನಾಟಕದೊಳಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸಣ್ಣವರು ರಾಜ್ಯದೊಳಗೆ ನೋಂದಣಿಯಿಲ್ಲದೆ ಮಾರಲು 2023ರ ಅಕ್ಟೋಬರ್‌ನಿಂದ ಅವಕಾಶ ಕೊಟ್ಟಿದ್ದಾರೆ, ಹೊರರಾಜ್ಯಕ್ಕೆ ಅಲ್ಲ. ಸರ್ಕಾರಿ ನೌಕರರಾಗಿದ್ದರೆ ನಡತೆ ನಿಯಮಗಳ ಪ್ರಕಾರ ಖಾಸಗಿ ವ್ಯಾಪಾರಕ್ಕೆ ಮೊದಲೇ ಅನುಮತಿ ಪಡೆಯಬೇಕು. ನಿವೃತ್ತಿಗೆ ಎರಡು ವರ್ಷ ಇರುವವರು ಮರ ಒಣಗಿಸುತ್ತಾ ಕಾಯಬಹುದು, ಹೇಗೂ ಅದಕ್ಕೂ ಹೊತ್ತು ಹಿಡಿಯುತ್ತದೆ.

ಕೊನೆಯದಾಗಿ ಸುರಕ್ಷತೆ. ಲೇತಿನ ಮುಂದೆ ನಿಲ್ಲುವಾಗ ಮಾಸ್ಕ್ ಹಾಕಿಕೊಳ್ಳಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ವರ್ಗದಲ್ಲೇ ಪಟ್ಟಿ ಮಾಡಿದೆ. ಬೀಟೆಯ ಧೂಳಿಗೆ ಕೆಲವರ ಚರ್ಮ ಕೆರಳುತ್ತದೆ. ಪಂಚೆ, ಸೆರಗು, ಸಡಿಲ ತೋಳು, ಉಂಗುರ ಇವುಗಳ ಜೊತೆ ಲೇತಿನ ಹತ್ತಿರ ಹೋಗಬೇಡಿ, ಅದು ಎಳೆದುಕೊಳ್ಳುವಾಗ ಕೇಳುವುದಿಲ್ಲ. ಬಾಡಿಗೆ ಮನೆಯಲ್ಲಿದ್ದರೆ ಕೆಳಗಿನ ಮನೆಯವರಿಗೆ ಮೊದಲ ಪೆನ್ನನ್ನು ಉಚಿತವಾಗಿ ಕೊಡುವುದು ಒಳ್ಳೆಯದು.

ಈಗ ನನ್ನ ಹತ್ತಿರ ಒಂದು ಆರ್ಡರಿದೆ. ಒಂದು ಹಳ್ಳಿಯ ಹೈಸ್ಕೂಲಿನ ಅಂಗಳದಲ್ಲಿದ್ದ ಹುಣಸೆಮರ ಮೇ ತಿಂಗಳ ಗಾಳಿಮಳೆಗೆ ಬಿತ್ತು. ಜನವರಿ 31ಕ್ಕೆ ಅಲ್ಲಿನ ಹೆಡ್‌ಮಾಸ್ತರು ನಿವೃತ್ತರಾಗುತ್ತಾರೆ. ಹಳೆ ವಿದ್ಯಾರ್ಥಿಗಳು ಆ ಮರದ್ದೇ 12 ಪೆನ್ನು ಕೇಳಿದ್ದಾರೆ, ಒಂದು ಮೇಷ್ಟ್ರಿಗೆ, ಉಳಿದವು ಇತರ ಶಿಕ್ಷಕರಿಗೆ. ‘ಒಟ್ಟಿಗೆ ತಗೋತೀವಿ, ಏನಾದರೂ ಕಡಿಮೆ ಮಾಡಿ ಸಾರ್’ ಎಂದರು. ಮರ ಅವರದೇ, ಡಬ್ಬಿ ಒಟ್ಟಿಗೆ ಕೊಂಡರೆ ಅಗ್ಗ. ಅಷ್ಟನ್ನು ಬಿಟ್ಟು 750ರಂತೆ 9,000 ಎಂದೆ, ಕೂಲಿಯಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಒಪ್ಪಿದರು. ನವೆಂಬರಿನಲ್ಲೇ ಕೊಟ್ಟುಬಿಡಿ, ನೆಮ್ಮದಿ ಎಂದೂ ಸೇರಿಸಿದರು. ಹೋದ ಭಾನುವಾರ ಏಳನೇ ನಂಬರಿನ ತುಂಡು 54 ಗ್ರಾಂ ಇತ್ತು. ಈ ಭಾನುವಾರ 53. ಇನ್ನೂ ಆಗಿಲ್ಲ ಎಂದು ಅವರಿಗೆ ಮೆಸೇಜು ಹಾಕಿದೆ.